ಗೂಡು ಎಣಿಸಿದವರ ಕತೆ

ನಮ್ಮೂರ ಕೆರೆ ಏರಿಯ ಕೆಳಗೆ ಎರಡು ಹಳೇ ಹುಣಸೆಮರಗಳಿದ್ದವು. ಮುಂಗಾರು ಹಿಡಿದು ಗದ್ದೆಗೆ ನೀರು ಬಿಡುವ ಹೊತ್ತಿಗೆ ಬೆಳ್ಳಕ್ಕಿಗಳು ಬಂದು ಆ ಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಕೆಳಗೆ ನಡೆದು ಹೋಗುವವರು ತಲೆ ಮೇಲೆ ಟವೆಲ್ ಹಾಕಿಕೊಳ್ಳುತ್ತಿದ್ದರು. ಬೈಯುತ್ತಿದ್ದರು, ಆದರೆ ಯಾರೂ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಮರಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆದರು. ನಾವು ನಾಲ್ಕೈದು ಜನ ಹೋಗಿ, "ಹಕ್ಕಿ ಗೂಡು ಕಟ್ಟೋ ಮರ ಸಾರ್, ಬಿಟ್ಟುಬಿಡಿ" ಎಂದು ಕೇಳಿದೆವು. ಬಂದಿದ್ದ ಅಧಿಕಾರಿ ಸಿಟ್ಟಾಗಲಿಲ್ಲ. "ಎಷ್ಟು ಗೂಡಿವೆ? ಪ್ರತಿ ವರ್ಷ ಬರ್ತವಾ? ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದರು. ಅದು ಬೇಸಿಗೆ. ಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ನಮ್ಮ ಹತ್ತಿರ ಉತ್ತರವೂ ಇರಲಿಲ್ಲ.

ಮನೆಗೆ ಬಂದು ತಾತನನ್ನು ಕೇಳಿದೆ. "ಲೆಕ್ಕ ಯಾರ್ ಇಟ್ಟವ್ರೆ ಮಗ? ಮರ ಬೆಳ್ಳಗೆ ಕಾಣೋದು, ಅಷ್ಟೇ ಗೊತ್ತು" ಎಂದರು. ಆ ಬೇಸಿಗೆಯಲ್ಲೇ ಎರಡೂ ಮರ ಹೋದವು.

ಲೆಕ್ಕ ಇದ್ದಿದ್ದರೆ ಮರ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ. ಆದರೆ ಲೆಕ್ಕ ಇಲ್ಲದವರ ಮಾತು ಎಷ್ಟು ಬೇಗ ಮುಗಿದುಹೋಗುತ್ತದೆ ಎಂದು ಅವತ್ತು ಗೊತ್ತಾಯಿತು. ಆಮೇಲೆ ಹುಡುಕುತ್ತಾ ಹೋದೆ. ಹಕ್ಕಿಯ ಗೂಡು ಎಣಿಸುವ ಕೆಲಸವನ್ನು ಮೊದಲು ಹಿಡಿದವರು ಯಾರು, ಅದರಿಂದ ಯಾರಿಗೆ ಏನಾಯಿತು? ಸಿಕ್ಕಿದ ಕತೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅದು ಇಂಗ್ಲೆಂಡಿನಲ್ಲಿ ಶುರುವಾಗಿ, ರಾಜಸ್ಥಾನದ ಮೇಲೆ ಹಾದು, ನಮ್ಮ ಮದ್ದೂರು ತಾಲ್ಲೂಕಿಗೆ ಬರುತ್ತದೆ.

ಹಕ್ಕಿ ಬಿಟ್ಟು ಗೂಡನ್ನೇ ಯಾಕೆ ಎಣಿಸಬೇಕು?

ಹಾರುವ ಹಕ್ಕಿಯನ್ನು ಎಣಿಸುವುದು ಕಷ್ಟ. ಬೆಳಿಗ್ಗೆ ನಮ್ಮ ಕೆರೆಯಲ್ಲಿ ಕಂಡ ಬಕ ಮಧ್ಯಾಹ್ನ ಪಕ್ಕದೂರಿನ ಕೆರೆಯಲ್ಲಿರುತ್ತದೆ. ಎರಡು ಊರಿನವರೂ ಎಣಿಸಿದರೆ ಒಂದೇ ಹಕ್ಕಿ ಎರಡು ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ದೂರದಿಂದ ವಲಸೆ ಬಂದ ಹಕ್ಕಿಗಳೂ ಸೇರಿಕೊಂಡರೆ ನಮ್ಮಲ್ಲೇ ಹುಟ್ಟಿ ಬೆಳೆದದ್ದು ಯಾವುದು, ನೆಂಟರಾಗಿ ಬಂದದ್ದು ಯಾವುದು ಎಂದು ಹೇಳಲಾಗುವುದಿಲ್ಲ.

ಗೂಡು ಹಾಗಲ್ಲ. ಕಟ್ಟಿದ ಜಾಗದಲ್ಲೇ ಇರುತ್ತದೆ. ಒಂದು ಗೂಡು ಎಂದರೆ ಒಂದು ಜೋಡಿ. ಆ ಜೋಡಿ ಈ ವರ್ಷ ಸಂಸಾರ ಹೂಡಿದೆ ಎಂದು ಅರ್ಥ. ಮುಂದಿನ ಪೀಳಿಗೆ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಗೂಡಿನ ಹತ್ತಿರವೇ ಹೋಗಬೇಕು. ಹಟ್ಟಿಯಲ್ಲಿ ಎಷ್ಟು ಕುರಿ ಇವೆ ಎನ್ನುವುದಕ್ಕಿಂತ ಎಷ್ಟು ಕುರಿ ಗಬ್ಬವಾಗಿವೆ ಎಂದು ಕುರಿ ಸಾಕುವವರು ಕೇಳುವುದಿಲ್ಲವೇ, ಹಾಗೆಯೇ ಇದು.

ಬಕ, ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆ, ಹೆಜ್ಜಾರ್ಲೆ ಇವೆಲ್ಲ ಒಟ್ಟಿಗೆ ಒಂದೇ ಜಾಗದಲ್ಲಿ ಗೂಡು ಕಟ್ಟುವ ಹಕ್ಕಿಗಳು. ಒಂದೇ ಮರದಲ್ಲಿ ಹತ್ತಾರು ಗೂಡು. ದೊಡ್ಡ ಗೂಡು, ಎತ್ತರದಲ್ಲಿರುತ್ತದೆ, ದೂರದಿಂದಲೇ ಕಾಣುತ್ತದೆ. ಹಕ್ಕಿಶಾಸ್ತ್ರ ಓದದವರೂ ಎಣಿಸಬಹುದು. ಈ ಸರಳ ಸಂಗತಿಯನ್ನು ಒಬ್ಬ ಹುಡುಗ ಗಮನಿಸಿದ.

1928: ನಾನೂರು ಜನ, ಒಂದು ಪ್ರಶ್ನೆ

ಆ ಹುಡುಗನ ಹೆಸರು ಮ್ಯಾಕ್ಸ್ ನಿಕೋಲ್ಸನ್. 1928ರಲ್ಲಿ ಅವನಿಗೆ ಇನ್ನೂ 25 ತುಂಬಿರಲಿಲ್ಲ. ಇಂಗ್ಲೆಂಡಿನಲ್ಲಿ ಆಗ ಹಕ್ಕಿ ಎಂದರೆ ಒಂದೋ ಬಂದೂಕಿನಿಂದ ಹೊಡೆದು ತುಂಬಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು, ಇಲ್ಲವೇ ಮೊಟ್ಟೆ ಕದ್ದು ಸಂಗ್ರಹ ಮಾಡುವುದು. ಅಪರೂಪದ ಹಕ್ಕಿ ಎಲ್ಲಿ ಸಿಕ್ಕಿತು ಎಂದು ಬರೆಯುವವರು ಬಹಳ ಜನ ಇದ್ದರು. ಎಲ್ಲರೂ ದಿನಾ ನೋಡುವ ಹಕ್ಕಿ ಇಡೀ ದೇಶದಲ್ಲಿ ಎಷ್ಟಿದೆ ಎಂದು ಕೇಳಿದವರು ಕಡಿಮೆ.

ನಿಕೋಲ್ಸನ್ ಆರಿಸಿಕೊಂಡದ್ದು ಬೂದು ಬಕವನ್ನು. ನಮ್ಮ ಕೆರೆ ಅಂಚಿನಲ್ಲಿ ಒಂಟಿಯಾಗಿ ಗಂಟೆಗಟ್ಟಲೆ ನಿಲ್ಲುವ ಅದೇ ಬೂದು ಬಣ್ಣದ ಎತ್ತರದ ಹಕ್ಕಿ. ಅಲ್ಲಿ ಅದು ಚಳಿಗಾಲ ಮುಗಿಯುವ ಹೊತ್ತಿಗೇ ಗೂಡು ಕಟ್ಟಲು ಶುರು ಮಾಡುತ್ತದೆ. ಮರಗಳು ಇನ್ನೂ ಚಿಗುರಿರುವುದಿಲ್ಲ, ಬೋಳು ಕೊಂಬೆಗಳ ನಡುವೆ ಗೂಡು ಸ್ಪಷ್ಟವಾಗಿ ಕಾಣುತ್ತದೆ. ಎಣಿಸಲು ಇದಕ್ಕಿಂತ ಸುಲಭದ ಹಕ್ಕಿ ಸಿಗುವುದು ಕಷ್ಟ.

'ಬ್ರಿಟಿಷ್ ಬರ್ಡ್ಸ್' ಎಂಬ ಪತ್ರಿಕೆಯನ್ನು ಹ್ಯಾರಿ ವಿದರ್ಬಿ ಎನ್ನುವವರು ನಡೆಸುತ್ತಿದ್ದರು. ಅದರ ಮೂಲಕ ಕರೆ ಹೋಯಿತು: ನಿಮ್ಮ ಕಡೆ ಬಕಗಳು ಗೂಡು ಕಟ್ಟುವ ತೋಪು ಎಲ್ಲಿದೆ, ಈ ವರ್ಷ ಎಷ್ಟು ಗೂಡಿನಲ್ಲಿ ಹಕ್ಕಿ ಕೂತಿದೆ, ನೋಡಿ ಬರೆದು ಕಳಿಸಿ. ಸಂಬಳ ಇಲ್ಲ, ಭತ್ಯೆ ಇಲ್ಲ. ಆದರೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 400 ಜನ ಈ ಕೆಲಸಕ್ಕೆ ಕೈ ಹಚ್ಚಿದರು. ಎಲ್ಲರ ಕಾಗದ ಸೇರಿಸಿ ಕೂಡಿದಾಗ ಬಂದ ಲೆಕ್ಕ: ಸುಮಾರು 4,000 ಗೂಡು.

ಇಡೀ ದೇಶದ ಬಕಗಳು ಅಷ್ಟೇ. ಕಾಡುಹಕ್ಕಿ ಎಂದರೆ ಲೆಕ್ಕವಿಲ್ಲದಷ್ಟು ಎಂದುಕೊಂಡಿದ್ದವರಿಗೆ ಇದು ಸಣ್ಣ ಸಂಖ್ಯೆ. ಇದರ ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಯಿತು. ಸಾಮಾನ್ಯ ಜನ ಎಣಿಸಿದ ಲೆಕ್ಕವನ್ನು ಒಟ್ಟುಗೂಡಿಸಿದರೆ ಅದು ನಂಬುವಂಥ ಲೆಕ್ಕವೇ ಆಗುತ್ತದೆ. 1930ರ ದಶಕದ ಮೊದಲಲ್ಲಿ ಇಂಥ ಕೆಲಸಕ್ಕೆಂದೇ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ನಿಕೋಲ್ಸನ್ ಒಬ್ಬ.

ಬಕದ ಗೂಡಿನ ಎಣಿಕೆ 1928ಕ್ಕೇ ನಿಲ್ಲಲಿಲ್ಲ. ಮರುವರ್ಷವೂ ನಡೆಯಿತು, ಅದರ ಮರುವರ್ಷವೂ. ಎರಡನೇ ಮಹಾಯುದ್ಧದ ಕಾಲದಲ್ಲೂ ಪೂರ್ತಿ ನಿಲ್ಲಲಿಲ್ಲ. ಇವತ್ತಿಗೂ ನಡೆಯುತ್ತಿದೆ. ಮರಿ ಮಾಡುವ ಕಾಲದಲ್ಲಿ ಒಂದು ಹಕ್ಕಿಯನ್ನು ಇಷ್ಟು ದೀರ್ಘ ಕಾಲ ಬಿಡದೆ ಎಣಿಸಿದ್ದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೊದಲ ವರ್ಷ ಎಣಿಸಿದವರಲ್ಲಿ ಈಗ ಯಾರೂ ಉಳಿದಿರಲಾರರು. ಎಣಿಕೆ ಮಾತ್ರ ಉಳಿದಿದೆ.

ಒಂದು ಚಳಿಗಾಲ ಕಲಿಸಿದ ಪಾಠ

ಪ್ರತಿ ವರ್ಷ ಅದೇ ತೋಪಿಗೆ ಹೋಗಿ ಅದೇ ಗೂಡು ಎಣಿಸಿದರೆ ಏನು ಬಂತು? 1963ರಲ್ಲಿ ಉತ್ತರ ಸಿಕ್ಕಿತು.

1962ರ ಕೊನೆಯಿಂದ 1963ರ ಮಾರ್ಚ್‌ವರೆಗೆ ಇಂಗ್ಲೆಂಡಿನಲ್ಲಿ ಭಯಂಕರ ಚಳಿ. ಇನ್ನೂರು ವರ್ಷಗಳಲ್ಲೇ ಅಂಥ ಚಳಿಗಾಲ ಬಂದಿರಲಿಲ್ಲ. ಹೊಳೆ, ಹೊಂಡ ಎಲ್ಲ ಹೆಪ್ಪುಗಟ್ಟಿದವು. ಬಕಕ್ಕೆ ಮೀನು ಬೇಕು, ಮೀನು ಮಂಜುಗಡ್ಡೆಯ ಕೆಳಗೆ. ಹಕ್ಕಿಗಳು ಹಸಿದು ಸತ್ತವು. ಆ ವಸಂತದಲ್ಲಿ ಗೂಡು ಎಣಿಸಲು ಹೋದವರಿಗೆ ಹಿಂದಿನ ಲೆಕ್ಕದ ಸುಮಾರು ಅರ್ಧದಷ್ಟೇ ಸಿಕ್ಕಿತು.

ಹಿಂದೆಯೂ ಗಟ್ಟಿ ಚಳಿ ಬಂದಾಗ, 1947ರಲ್ಲಿ, ಬಕಗಳು ಕಡಿಮೆಯಾಗಿ ಮತ್ತೆ ಕೆಲವೇ ವರ್ಷಗಳಲ್ಲಿ ಮೊದಲಿನಂತಾಗಿದ್ದವು. ಅದು ಪುಸ್ತಕದಲ್ಲಿ ದಾಖಲಾಗಿತ್ತು. ಈ ಸಲ ಚೇತರಿಕೆ ನಿಧಾನವಾಗಿತ್ತು. ಏಳು ವರ್ಷ ಹಿಡಿಯಿತು. ಚಳಿ ಹೋದ ಮೇಲೂ ಏನೋ ಒಂದು ಈ ಹಕ್ಕಿಗಳನ್ನು ಹಿಡಿದು ಜಗ್ಗುತ್ತಿದೆಯೇ ಎಂಬ ಅನುಮಾನ ಬಂತು. ಆ 'ಏನೋ ಒಂದು' ಯಾವುದು ಎನ್ನುವುದಕ್ಕೆ ಇನ್ನೊಂದು ಹಕ್ಕಿಯ ಗೂಡಿನ ಲೆಕ್ಕ ದಾರಿ ತೋರಿಸಿತು.

ಪಾರಿವಾಳದವರ ದೂರು

ಪೆರಿಗ್ರಿನ್ ಎಂಬುದು ಒಂದು ಜಾತಿಯ ಡೇಗೆ. ಎತ್ತರದಿಂದ ಮಡಚಿದ ರೆಕ್ಕೆಯಲ್ಲಿ ಎರಗಿ ಹಾರುವ ಹಕ್ಕಿಯನ್ನೇ ಗಾಳಿಯಲ್ಲಿ ಹೊಡೆಯುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆಗೂ ವಲಸೆ ಬರುತ್ತದೆ. ಇದರ ಹತ್ತಿರದ ನೆಂಟ ಶಾಹೀನ್ ಡೇಗೆ ನಮ್ಮ ಬಂಡೆ ಬೆಟ್ಟಗಳಲ್ಲೇ ಮರಿ ಮಾಡುತ್ತದೆ.

ಇಂಗ್ಲೆಂಡಿನಲ್ಲಿ ಪಾರಿವಾಳದ ಪಂದ್ಯ ಕಟ್ಟುವವರು ಬಹಳ. ಗಣಿ ಕೆಲಸಗಾರರು, ಕಾರ್ಖಾನೆ ಕೆಲಸಗಾರರು ಇದಕ್ಕೆ ಮನಸ್ಸು ಕೊಟ್ಟವರು. ಒಳ್ಳೆಯ ಪಾರಿವಾಳವನ್ನು ಮಕ್ಕಳ ಹಾಗೆ ಸಾಕಿರುತ್ತಾರೆ. ಅದನ್ನು ಡೇಗೆ ಹೊಡೆದರೆ ಹೊಟ್ಟೆ ಉರಿಯದೆ ಇರುತ್ತದೆಯೇ? 1960ರಲ್ಲಿ ಅವರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಡೇಗೆಗಳು ವಿಪರೀತ ಹೆಚ್ಚಾಗಿವೆ, ನಮ್ಮ ಪಾರಿವಾಳ ಉಳಿಯುತ್ತಿಲ್ಲ, ಇವಕ್ಕೆ ಕೊಟ್ಟಿರುವ ಕಾನೂನಿನ ರಕ್ಷಣೆ ತೆಗೆಯಿರಿ ಎಂದರು.

ದೂರು ಸುಳ್ಳೆಂದು ತಳ್ಳಿಹಾಕುವ ಹಾಗಿರಲಿಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ಸಂದೇಶ ಹೊತ್ತ ಪಾರಿವಾಳಗಳನ್ನು ಡೇಗೆ ಹಿಡಿಯುತ್ತದೆಂದು ಸರ್ಕಾರವೇ ನೂರಾರು ಡೇಗೆಗಳನ್ನು ಕೊಲ್ಲಿಸಿತ್ತು. ಯುದ್ಧ ಮುಗಿದ ಮೇಲೆ ಅವು ಮತ್ತೆ ಹೆಚ್ಚಿದ್ದೂ ನಿಜ. ಆದರೆ ಈಗ ಎಷ್ಟಿವೆ?

ಸರ್ಕಾರದ ಪರವಾಗಿ ಪ್ರಕೃತಿ ರಕ್ಷಣೆ ನೋಡಿಕೊಳ್ಳುತ್ತಿದ್ದ ಇಲಾಖೆಯ ಮುಖ್ಯಸ್ಥ ಆಗ ಯಾರು ಗೊತ್ತೇ? 1928ರಲ್ಲಿ ಬಕದ ಗೂಡು ಎಣಿಸಿದ ಅದೇ ಮ್ಯಾಕ್ಸ್ ನಿಕೋಲ್ಸನ್. ಇಲಾಖೆ ಹಳೆಯ ದಾರಿಯನ್ನೇ ಹಿಡಿಯಿತು. ಎಣಿಸೋಣ, ಆಮೇಲೆ ಮಾತಾಡೋಣ ಎಂದಿತು. ಟ್ರಸ್ಟ್‌ಗೆ ಕೆಲಸ ವಹಿಸಿತು. 1961 ಮತ್ತು 1962ರಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ತರುಣ ವಿಜ್ಞಾನಿಯ ಮುಂದಾಳುತನದಲ್ಲಿ ಹಕ್ಕಿಪ್ರಿಯರು ಬಂಡೆಗಳ ಕಡೆ ಹೊರಟರು. ಡೇಗೆ ತಲೆತಲಾಂತರದಿಂದ ಅದೇ ಬಂಡೆಯ ಅದೇ ಅಂಚಿನಲ್ಲಿ ಮೊಟ್ಟೆ ಇಡುವ ಹಕ್ಕಿ. ಹಾಗಾಗಿ ಹಳೆಯ ಜಾಗಗಳೆಲ್ಲ ಹಕ್ಕಿಪ್ರಿಯರಿಗೆ ಗೊತ್ತಿದ್ದವು. ಒಂದೊಂದಕ್ಕೂ ಹೋಗಿ ನೋಡಿದರು.

ಜಾಗಗಳು ಖಾಲಿ ಇದ್ದವು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಡೇಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವ ಸ್ಥಿತಿ. ಹಕ್ಕಿ ಇದ್ದ ಕಡೆಯೂ ಮರಿ ಇಲ್ಲ, ಒಡೆದ ಮೊಟ್ಟೆ ಬಿದ್ದಿದೆ. 1963ರ ಹೊತ್ತಿಗೆ ಯುದ್ಧಕ್ಕೆ ಮೊದಲಿದ್ದ ಜೋಡಿಗಳಲ್ಲಿ ನೂರಕ್ಕೆ 44ರಷ್ಟು ಮಾತ್ರ ಉಳಿದಿದ್ದವು. ಹೆಚ್ಚಾಗಿವೆ ಎಂಬ ದೂರಿನ ಮೇಲೆ ಶುರುವಾದ ಎಣಿಕೆ, ಹಕ್ಕಿ ನಾಶವಾಗುವ ಅಂಚಿನಲ್ಲಿದೆ ಎಂದು ತೋರಿಸಿತು.

ಯೋಚಿಸಿ ನೋಡಿ. ಆ ಎರಡು ವರ್ಷ ಜನ ಬಂಡೆ ಹತ್ತದೆ ಇದ್ದಿದ್ದರೆ, ಅರ್ಜಿಯ ಮೇಲೆ ಸಹಿ ಬಿದ್ದು, ಉಳಿದಿದ್ದ ಅರ್ಧಕ್ಕೂ ಬಂದೂಕು ಎತ್ತುತ್ತಿದ್ದರೇನೋ.

ಮೊಟ್ಟೆ ಸಿಪ್ಪೆಯ ಸಾಕ್ಷಿ

ಕಾರಣ ಹುಡುಕಿದಾಗ ಸಿಕ್ಕಿದ್ದು ಹೊಲದಲ್ಲಿ. ಬಿತ್ತನೆ ಬೀಜಕ್ಕೆ ಹುಳ ಹಿಡಿಯದಿರಲೆಂದು ಡೀಲ್ಡ್ರಿನ್‌ನಂಥ ಕಡು ವಿಷಗಳಲ್ಲಿ ಬೀಜೋಪಚಾರ ಮಾಡುತ್ತಿದ್ದರು. ಆ ಬೀಜವನ್ನು ಪಾರಿವಾಳ ತಿನ್ನುತ್ತಿತ್ತು, ಪಾರಿವಾಳವನ್ನು ಡೇಗೆ ತಿನ್ನುತ್ತಿತ್ತು. ಒಂದೊಂದು ಪಾರಿವಾಳದಲ್ಲಿ ಸ್ವಲ್ಪ ಸ್ವಲ್ಪ ಇದ್ದ ವಿಷ ಡೇಗೆಯ ಮೈಯಲ್ಲಿ ಕೂಡುತ್ತಾ ಹೋಗಿ ಅದನ್ನೇ ಕೊಲ್ಲುತ್ತಿತ್ತು. 1962ರಿಂದ ವಸಂತದ ಬಿತ್ತನೆಗೆ ಇಂಥ ಉಪಚಾರವನ್ನು ನಿಲ್ಲಿಸುತ್ತಾ ಬಂದರು.

ಒಡೆದ ಮೊಟ್ಟೆಗಳ ಒಗಟು ಹಾಗೇ ಇತ್ತು. ರ‍್ಯಾಟ್‌ಕ್ಲಿಫ್ 1950ರ ದಶಕದ ಮೊದಲಿಂದಲೇ ಗೂಡುಗಳಲ್ಲಿ ಒಡೆದ ಮೊಟ್ಟೆ ನೋಡಿದ್ದರು. ಆಗ ಅವರಿಗೊಂದು ದಾರಿ ಹೊಳೆಯಿತು. ಹಿಂದಿನ ಕಾಲದಲ್ಲಿ ಮೊಟ್ಟೆ ಕದ್ದು ಸಂಗ್ರಹ ಮಾಡುತ್ತಿದ್ದವರು ಮೇಲೆ ತಾರೀಖು ಬರೆದು ಇಟ್ಟಿದ್ದರು. ಆ ಸಿಪ್ಪೆಗಳನ್ನು ತಂದು ಅಳೆದು ತೂಗಿ ನೋಡಿದರು. 1947ರ ಸುಮಾರಿನಿಂದ ಸಿಪ್ಪೆ ಇದ್ದಕ್ಕಿದ್ದಂತೆ ತೆಳುವಾಗಿತ್ತು. ಡಿಡಿಟಿ ಹೊಲಕ್ಕೆ ಬಂದದ್ದು ಯುದ್ಧ ಮುಗಿದ ಮೇಲೆ, ಅದೇ ಹೊತ್ತಿಗೆ. ತಾಯಿ ಕಾವು ಕೊಡಲು ಕೂತರೆ ಅದರ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1967ರಲ್ಲಿ ಇದನ್ನು ಪ್ರಕಟಿಸಿದರು.

ಡಿಡಿಟಿ ಎಂದರೆ ನಮ್ಮ ಹಿರಿಯರಿಗೆ ಗೊತ್ತು. ಮಲೇರಿಯಾ ಬರಬಾರದೆಂದು ಮನೆ ಗೋಡೆಗೆ ಸಿಂಪಡಿಸುತ್ತಿದ್ದರು. ಬೆಳೆಗೆ ಡಿಡಿಟಿ ಹೊಡೆಯುವುದನ್ನು ಭಾರತದಲ್ಲಿ 1989ರಲ್ಲಿ ನಿಲ್ಲಿಸಿದರು. ಬ್ರಿಟನ್ನಿನಲ್ಲಿ ಇವು ಒಂದೊಂದಾಗಿ ಹೋದ ಮೇಲೆ ಡೇಗೆಗಳು ನಿಧಾನವಾಗಿ ಮರಳಿದವು. ಅದೂ ಗೊತ್ತಾದದ್ದು ಗೂಡಿನ ಲೆಕ್ಕದಿಂದಲೇ. ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಹಳೆಯ ಬಂಡೆಗಳಿಗೆ ಮತ್ತೆ ಹೋಗಿ ನೋಡುತ್ತಾರೆ. 1991ರ ಎಣಿಕೆಯಲ್ಲಿ 1,200ಕ್ಕೂ ಹೆಚ್ಚು ಜೋಡಿ ಸಿಕ್ಕವು.

ಭರತಪುರದ 353 ಗೂಡು

ಇದು ನಮಗೆ ಸಂಬಂಧವಿಲ್ಲದ ದೂರದ ಕತೆ ಎಂದು ಕೈಬಿಡುವ ಹಾಗಿಲ್ಲ. ನಮ್ಮ ಕಣ್ಣೆದುರೇ ಇಂಥದ್ದು ನಡೆಯಿತು. ನಮಗೆ ತಿಳಿಯಲೇ ಇಲ್ಲ.

ನಲವತ್ತು ದಾಟಿದವರಿಗೆ ರಣಹದ್ದು ನೆನಪಿರುತ್ತದೆ. ಸತ್ತ ದನವನ್ನು ಊರಾಚೆ ಎಳೆದು ಹಾಕಿದರೆ ಎಲ್ಲಿದ್ದವೋ ಬಂದು ಇಳಿಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಮೂಳೆ ಮಾತ್ರ. ಆಮೇಲೆ ಯಾವಾಗ ಅವು ಬರುವುದನ್ನು ನಿಲ್ಲಿಸಿದವು? ನಿಮ್ಮ ಊರಿನಲ್ಲಿ ಕೇಳಿ ನೋಡಿ. ವರ್ಷ ಹೇಳುವವರು ಒಬ್ಬರೂ ಸಿಗುವುದು ಕಷ್ಟ.

ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ ಒಬ್ಬರು ವರ್ಷ ಹೇಳಬಲ್ಲವರಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್. 1987-88ರಲ್ಲಿ ಅವರು ಅಲ್ಲಿನ ಬಿಳಿಬೆನ್ನಿನ ರಣಹದ್ದಿನ ಗೂಡುಗಳನ್ನು ಎಣಿಸಿದ್ದರು. 353 ಗೂಡು. ಆಗ ಯಾರಿಗೂ ರಣಹದ್ದಿನ ಬಗ್ಗೆ ಚಿಂತೆ ಇರಲಿಲ್ಲ, ಅದು ಕಾಗೆಯಷ್ಟೇ ಸಾಮಾನ್ಯ. 1996ರಲ್ಲಿ ಅದೇ ಜಾಗದಲ್ಲಿ ಎಣಿಸಿದಾಗ 150 ಗೂಡು. ಅಲ್ಲಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಅವೂ ಇಲ್ಲವಾದವು. ಹದ್ದುಗಳು ಕುತ್ತಿಗೆ ಜೋಲು ಬಿಟ್ಟು ಕೊಂಬೆಯಲ್ಲಿ ಕೂತಲ್ಲೇ ಸಾಯುತ್ತಿದ್ದವು.

ಆ 353 ಎಂಬ ಹಳೆಯ ಸಂಖ್ಯೆ ಇಲ್ಲದಿದ್ದರೆ "ಈಚೆಗೆ ಸ್ವಲ್ಪ ಕಡಿಮೆ ಕಾಣ್ತವೆ" ಎಂದು ಮಾತು ಮುಗಿಯುತ್ತಿತ್ತು. ಸಂಖ್ಯೆ ಇದ್ದದ್ದರಿಂದ ಕಾರಣದ ಹುಡುಕಾಟ ಶುರುವಾಯಿತು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2004ರಲ್ಲಿ ಉತ್ತರ ಪ್ರಕಟಿಸಿದರು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಇಂಜೆಕ್ಷನ್. ಔಷಧಿ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ಕೊಡಬಾರದೆಂದು ನಿಷೇಧಿಸಿತು.

ಅಷ್ಟರಲ್ಲಿ ಬಹಳ ತಡವಾಗಿತ್ತು. 1990ರ ದಶಕದ ಆರಂಭದಲ್ಲಿ ಸಾವಿರ ಬಿಳಿಬೆನ್ನಿನ ರಣಹದ್ದು ಇದ್ದಲ್ಲಿ 2007ರ ಹೊತ್ತಿಗೆ ಒಂದು ಉಳಿದಿತ್ತು. ನಮ್ಮ ರಾಮನಗರದ ರಾಮದೇವರಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದಿಗಾಗಿ 2012ರಲ್ಲಿ ಧಾಮ ಘೋಷಿಸಿದಾಗಲೂ ಅಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟೇ.

ಭರತಪುರದಲ್ಲಿ ಎಣಿಸಿದವರು ವಿಜ್ಞಾನಿ, ಅದು ಅವರ ಉದ್ಯೋಗ. ಅಂಥವರು ಪ್ರತಿ ಊರಿಗೆ ಇರಲಾರರು. ನಮ್ಮೂರ ಮರದಲ್ಲಿ, ನಿಮ್ಮೂರ ಬಂಡೆಯಲ್ಲಿ ಇದ್ದ ರಣಹದ್ದಿನ ಗೂಡು ಯಾವ ವರ್ಷ ಕೊನೆಯದಾಗಿ ಕಂಡಿತು ಎಂಬುದು ಹಾಗಾಗಿಯೇ ಯಾರ ಪುಸ್ತಕದಲ್ಲೂ ಇಲ್ಲ. ಬಕದ ಗೂಡು ಎಣಿಸಿದ ಆ 400 ಜನರ ಬೆಲೆ ಇಲ್ಲಿ ತಿಳಿಯುತ್ತದೆ.

ಕೊಕ್ಕರೆ ಬೆಳ್ಳೂರಿನ ದಾರಿ

ಹಳ್ಳಿಯವರೇ ಗೂಡುಗಳ ಮೇಲೆ ಕಣ್ಣಿಟ್ಟ ಉದಾಹರಣೆ ನಮ್ಮಲ್ಲೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯ ಹತ್ತಿರದ ಊರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಅಲ್ಲಿ ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ, ಮನೆಗಳ ನಡುವಿನ ಹುಣಸೆ, ಆಲ, ಗೋಣಿ ಮರಗಳಲ್ಲೇ ಕಟ್ಟುತ್ತವೆ. ಹಿಂದೆ ಪ್ಲೇಗ್ ಬಂದು ಊರು ಹೊಳೆ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರ.

ಊರಿನವರಿಗೆ ಇದು ತಲೆಮಾರುಗಳ ಹಳೆಯ ಸಂಗತಿ. ಹೊರಗಿನ ಜಗತ್ತಿನ ಪುಸ್ತಕಕ್ಕೆ ಸೇರಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನೋಡಿ ಬರೆದ ಮೇಲೆ. ಗೂಡಿರುವ ಹುಣಸೆಮರದಲ್ಲಿ ಹಣ್ಣಿನ ಫಸಲು ಸಿಗುವುದಿಲ್ಲ, ಮಾಲೀಕರಿಗೆ ನಷ್ಟ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಬಂತು. ಯಾವ ಮರದಲ್ಲಿ ಗೂಡಿದೆ ಎನ್ನುವುದು ಅಲ್ಲಿಗೆ ಸಂಸಾರದ ಲೆಕ್ಕವೂ ಆಯಿತು.

1994ರಲ್ಲಿ ಮೈಸೂರಿನ ಕೆ. ಮನು ಊರಿನ ಯುವಕರ ಜೊತೆ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬಳಗದವರು ಎತ್ತಿ ತಂದು, ಮೀನು ತಿನ್ನಿಸಿ, ದೊಡ್ಡದಾದ ಮೇಲೆ ಬಿಡುತ್ತಿದ್ದರು. ಮರಿ ಯಾವ ಮರದಿಂದ ಬಿತ್ತು, ಎಷ್ಟು ಬಿದ್ದವು ಎಂದು ತಿಳಿಯಬೇಕಾದರೆ ಮರಗಳ ಮೇಲೆ ದಿನಾ ಕಣ್ಣಿರಬೇಕು. ಮುಂದೆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

2017ರ ಕೊನೆಯಿಂದ 2018ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಪರೋಪಜೀವಿ ಹುಳುಗಳು ಸಿಕ್ಕವು. ಯಾರೂ ನೋಡದ ಕಾಡಿನಲ್ಲಿ ಇದೇ ಆಗಿದ್ದರೆ ನರಿ, ನಾಯಿ ಎಳೆದುಕೊಂಡು ಹೋಗಿ ಸುದ್ದಿಯೇ ಆಗುತ್ತಿರಲಿಲ್ಲ. ಇಲ್ಲಿ ಬಿದ್ದ ಒಂದೊಂದು ಹಕ್ಕಿಯೂ ಲೆಕ್ಕಕ್ಕೆ ಬಂತು, ಪರೀಕ್ಷೆಗೆ ಹೋಯಿತು.

ನೀವು ಎಣಿಸುವುದಾದರೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಸ್. ಸುಬ್ರಮಣ್ಯ ಅವರು ಬಕ, ಕೊಕ್ಕರೆಗಳು ಗೂಡು ಕಟ್ಟುವ ಜಾಗಗಳ ಮಾಹಿತಿಯನ್ನು ಕೂಡಿಸಿದವರು. 2005ರಲ್ಲಿ ತಮಿಳುನಾಡಿನ ಇಂಥ ಜಾಗಗಳ ಪಟ್ಟಿ ಪ್ರಕಟಿಸಿದರು. ಇಂಥ ಜಾಗಗಳಲ್ಲಿ ಎಷ್ಟೋ ಇರುವುದು ಊರ ನಡುವಿನ ಮರ, ಕೆರೆಯೊಳಗಿನ ಜಾಲಿ, ಬಸ್‌ಸ್ಟ್ಯಾಂಡ್ ಪಕ್ಕದ ಆಲದಲ್ಲಿ. ಅವನ್ನು ಮೊದಲು ನೋಡುವವರು ನಾವೇ.

ಕೆಲಸ ಕಷ್ಟದ್ದಲ್ಲ, ಆದರೆ ಕೆಲವು ಕಟ್ಟುಪಾಡು ಇವೆ.

ಗೂಡಿನಲ್ಲಿ ಹಕ್ಕಿ ಕೂತಿರಬೇಕು, ಇಲ್ಲವೇ ಮರಿ ಕಾಣಬೇಕು. ಹಳೆಯ ಖಾಲಿ ಗೂಡು ಲೆಕ್ಕಕ್ಕಿಲ್ಲ. ಯಾವ ಹಕ್ಕಿಯ ಗೂಡು ಎಂದು ಬೇರೆ ಬೇರೆ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ, ಊಹಿಸಿ ಬರೆಯಬೇಡಿ.

ಪ್ರತಿ ವರ್ಷ ಅದೇ ಮರ, ಹೆಚ್ಚುಕಡಿಮೆ ಅದೇ ವಾರ, ಅದೇ ಜಾಗದಲ್ಲಿ ನಿಂತು ಎಣಿಸಿ. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಿ. ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ.

ಮರ ಹತ್ತಬೇಡಿ. ಪಟಾಕಿ ಬೇಡ, ಡ್ರೋನ್ ಬೇಡ, ಚಪ್ಪಾಳೆಯೂ ಬೇಡ. ದೊಡ್ಡ ಹಕ್ಕಿ ಹೆದರಿ ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ, ಕಾಗೆ ಬಂದು ಮೊಟ್ಟೆ ಕುಕ್ಕುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ದೂರದಿಂದ ನೋಡಿ ಬನ್ನಿ. ಎಣಿಸಲು ಹೋದವರಿಂದಲೇ ಒಂದು ಗೂಡು ಹಾಳಾದರೆ ಅಂಥ ಎಣಿಕೆ ಯಾರಿಗೂ ಬೇಡ.

ಗೂಡು ಇಲ್ಲದ ವರ್ಷವೂ ಹೋಗಿ. 'ಸೊನ್ನೆ' ಎಂದು ಬರೆಯಿರಿ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಇಂಗ್ಲೆಂಡಿನ ಖಾಲಿ ಬಂಡೆಗಳನ್ನು ಖಾಲಿ ಎಂದು ಬರೆದಿದ್ದರಿಂದಲೇ ಡೇಗೆ ಉಳಿಯಿತು.

ಮೊಬೈಲಿನಲ್ಲಿ ಹಾಕಲು ಇ-ಬರ್ಡ್‌ನಂಥ ಆ್ಯಪ್‌ಗಳಿವೆ, ಹಾಕಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲೂ ಬರೆಯಿರಿ. ಆ ನೋಟ್‌ಬುಕ್ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ. ನಾವು ಊರು ಬಿಟ್ಟು ಹೋದರೂ ಮುಂದಿನವರ ಕೈಗೆ ಸಿಗಬೇಕು.

ನಮ್ಮ ಪುಸ್ತಕದ ಮೊದಲ ಸಾಲು

ನಮ್ಮೂರ ಹುಣಸೆಮರ ಹೋದ ಮೇಲೆ ಎರಡು ವರ್ಷ ಬೆಳ್ಳಕ್ಕಿಗಳು ಎಲ್ಲಿ ಹೋದವೋ ನಾವು ನೋಡಲಿಲ್ಲ. ಕಳೆದ ಮಳೆಗಾಲದಲ್ಲಿ ಕೆರೆಯ ಆಚೆ ದಡದ ಆಲದಮರದಲ್ಲಿ ಬಿಳಿ ಕಂಡಿತು. ಒಂದು ಬೆಳಿಗ್ಗೆ ನಾನು, ಚಿಕ್ಕಪ್ಪನ ಮಗ, ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಏರಿ ಮೇಲೆ ನಿಂತು ಎಣಿಸಿದೆವು. ನನ್ನ ಲೆಕ್ಕಕ್ಕೂ ಹುಡುಗಿಯರ ಲೆಕ್ಕಕ್ಕೂ ಮೂರು ಗೂಡಿನ ವ್ಯತ್ಯಾಸ ಬಂತು. ಮತ್ತೆ ಎಣಿಸಿದಾಗ ತಪ್ಪಿದ್ದು ನಾನೇ ಎಂದು ಗೊತ್ತಾಯಿತು.

ಮನೆಗೆ ಬಂದು ತಾರೀಖು, ಮರ, ಗೂಡಿನ ಸಂಖ್ಯೆ, ಎಣಿಸಿದವರ ಹೆಸರು ಬರೆದೆವು. ತಾತ ಕನ್ನಡಕ ಹಾಕಿಕೊಂಡು ಆ ಒಂದು ಸಾಲನ್ನು ಓದಿದರು. "ಇಷ್ಟೇಯಾ?" ಎಂದರು.

"ಇಷ್ಟೇ ತಾತ, ಈ ವರ್ಷ" ಎಂದೆ.

"ಮುಂದಿನ್ ವರ್ಷ ನನ್ನೂ ಕರ್ಕಂಡ್ ಹೋಗಿ. ಏರಿಗಂಟ ನಡೀತೀನಿ" ಎಂದರು.